ಮಗು ಮಲಗಿದ ಮುಕ್ಕಾಲು ಗಂಟೆಯಲ್ಲಿ ಪಿಎಚ್‌ಡಿ ಆಗುತ್ತಾ?

ಪ್ರಶ್ನೆ: ಮೇಡಂ, ನನಗೆ 32 ವರ್ಷ. ಶಿವಮೊಗ್ಗದಲ್ಲಿದ್ದೇನೆ. ಚಿಕ್ಕದೇವರಾಜ ಒಡೆಯರ ಕಾಲದ ಸಾಂಗತ್ಯ (ಹಾಡಲು ಬರುವ ನಾಲ್ಕು ಸಾಲಿನ ಪದ್ಯಗಳ) ಕಾವ್ಯಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ರಿಜಿಸ್ಟ್ರೇಷನ್ ಆಗಿದ್ದು 2023ರಲ್ಲಿ. ಮಗಳಿಗೆ ಈಗ 11 ತಿಂಗಳು. ವಾರಕ್ಕೆ ಮೂರು ದಿನ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಯಜಮಾನರು ಬ್ಯಾಂಕಿನಲ್ಲಿದ್ದಾರೆ. ಮನೆಯಲ್ಲಿ ಅತ್ತೆ ಇದ್ದಾರೆ. ಮಗು ಹುಟ್ಟಿದ ಮೇಲೆ ನಾನು ಒಂದು ಪುಟವನ್ನೂ ಬರೆದಿಲ್ಲ. ಹಸ್ತಪ್ರತಿ ನೋಡಲು ಮೈಸೂರಿಗೆ ಹೋಗಬೇಕು, ಆಗುತ್ತಿಲ್ಲ. "ಹಳೇ ಪುಸ್ತಕ ತಾನೇ, ಎಲ್ಲಿಗೆ ಹೋಗುತ್ತೆ? ಮಗು ದೊಡ್ಡದಾಗಲಿ" ಎನ್ನುತ್ತಾರೆ ಅತ್ತೆ. "ಸುಲಭದ ವಿಷಯ ತಗೊಳ್ಳಿ, ಯಾವುದಾದರೂ ಆಧುನಿಕ ಕಾದಂಬರಿಕಾರರ ಮೇಲೆ ಮಾಡಿ" ಎನ್ನುತ್ತಾರೆ ಗೈಡ್. ಮೊನ್ನೆ ಮಗಳು ನನ್ನ ಹತ್ತಿರವಿದ್ದ ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ' ಕಾವ್ಯದ ಒಂದೇ ಒಂದು ಪ್ರತಿಯ ಕೊನೆಯ ನಾಲ್ಕು ಹಾಳೆ ಕಿತ್ತು ಬಾಯಿಗೆ ಹಾಕಿಕೊಂಡಳು. ಕೂತು ಅತ್ತುಬಿಟ್ಟೆ. ಬಿಟ್ಟುಬಿಡಲಾ? ಬಿಡದೇ ಇದ್ದರೆ ಮಗುವಿಗೆ ಅನ್ಯಾಯ ಮಾಡಿದ ಹಾಗಾಗುತ್ತಾ?

ಉತ್ತರ: ಬಿಡಬೇಡಿ. ವಿಷಯವನ್ನೂ ಬದಲಾಯಿಸಬೇಡಿ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ಮಗಳು ಎದ್ದರೆ ಉಳಿದದ್ದನ್ನು ನೀವು ಓದುವುದು ರಾತ್ರಿಯೇ ಅಂತ ನನಗೆ ಗೊತ್ತು.

ಒಂದು ಪುಟವನ್ನೂ ಬರೆದಿಲ್ಲ ಎಂದಿದ್ದೀರಿ. ಬರೆಯಲು ಆಗುವುದೂ ಇಲ್ಲ. ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಅಧ್ಯಾಯ ಬರೆಯಲು ಹೊರಟರೆ ಅಧ್ಯಾಯವೂ ಆಗುವುದಿಲ್ಲ, ಕೂಸೂ ಸುಮ್ಮನಿರುವುದಿಲ್ಲ. ಆದರೆ ಹಳೆಯ ಕಾವ್ಯದ ಕೆಲಸದಲ್ಲಿ ಬರವಣಿಗೆಯ ಪಾಲು ಎಷ್ಟು ಹೇಳಿ? ನನ್ನ ಲೆಕ್ಕದಲ್ಲಿ ಕಾಲು ಭಾಗವೂ ಇಲ್ಲ. ಉಳಿದ ಮುಕ್ಕಾಲು ಭಾಗ ಕೈಕೆಲಸ. ತಾಳೆಯೋಲೆಯಿಂದ ನಕಲು ಮಾಡುವುದು, ಒಂದು ಪ್ರತಿಯನ್ನು ಇನ್ನೊಂದರ ಪಕ್ಕ ಇಟ್ಟು ಪಾಠಾಂತರ (ಪದಗಳ ವ್ಯತ್ಯಾಸ) ಗುರುತಿಸುವುದು, ಗಣ ಹಾಕಿ ನೋಡುವುದು, ಅರ್ಥವಾಗದ ಪದಗಳ ಪಟ್ಟಿ ಮಾಡುವುದು, ನಿಘಂಟು ತೆಗೆಯುವುದು. ಇದೆಲ್ಲ ಅವರೆಕಾಯಿ ಬಿಡಿಸಿದ ಹಾಗೆ. ಮಗು ಅತ್ತರೆ ಮೊರ ಪಕ್ಕಕ್ಕಿಟ್ಟು ಎದ್ದು ಹೋಗಬಹುದು. ಬಂದು ಕೂತರೆ ಮುಂದಿನ ಕಾಯಿ ಅಲ್ಲೇ ಇರುತ್ತದೆ.

ಅಧ್ಯಾಯ ಬರೆಯುವುದು, ವಾದ ಕಟ್ಟುವುದು ಮಾತ್ರ ಮೈಸೂರುಪಾಕಿನ ಕೆಲಸ. ಪಾಕ ಬಂದ ಮೇಲೆ ಒಲೆ ಬಿಟ್ಟು ಎದ್ದಿರೋ, ಮುಗಿಯಿತು.

ನಿಮ್ಮ ಕಷ್ಟ ಏನು ಅಂದರೆ, ಅವರೆಕಾಯಿ ಬಿಡಿಸುವ ಹೊತ್ತಿನಲ್ಲಿ ಮೈಸೂರುಪಾಕಿಗೆ ಒಲೆ ಹಚ್ಚುತ್ತಿದ್ದೀರಿ. ಅದು ಪ್ರತಿಸಲ ಸೀದುಹೋಗುತ್ತಿದೆ. ಸೀದದ್ದನ್ನೇ ನೋಡಿ "ನನ್ನಿಂದ ಏನೂ ಆಗುತ್ತಿಲ್ಲ" ಎಂದುಕೊಳ್ಳುತ್ತಿದ್ದೀರಿ.

ಗೈಡ್ ಕಾಳಜಿಯಿಂದಲೇ ಹೇಳಿರಬಹುದು. ಆದರೂ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಆಧುನಿಕ ಕಾದಂಬರಿಯಲ್ಲಿ ಪಠ್ಯ ಕೈಯಲ್ಲೇ ಇರುತ್ತದೆ, ಲಿಪಿ ಓದುವ ಕಷ್ಟ ಇಲ್ಲ, ಅದಕ್ಕೇ ಸುಲಭ ಎನಿಸುತ್ತದೆ. ಆದರೆ ಅಲ್ಲಿ ಕೈಕೆಲಸ ಕಡಿಮೆ, ಹೆಚ್ಚುಕಡಿಮೆ ಎಲ್ಲವೂ ತಲೆಕೆಲಸ. ಎರಡೆರಡು ಗಂಟೆ ಒಂದೇ ಸಮನೆ ಸಿಗದವರಿಗೆ ಅದೇ ಹೆಚ್ಚು ಕಷ್ಟ. ಎಳೆ ಮಗುವಿನ ತಾಯಿಗೆ ಹದಿನೇಳನೇ ಶತಮಾನವೇ ವಾಸಿ. ಇದನ್ನು ಅವರಿಗೂ ಹೇಳಿ. ನಕ್ಕಾರು, ಪರವಾಗಿಲ್ಲ.

ಈಗ ಮಾಡುವುದು ಹೇಗೆ ಅಂತ ಹೇಳುತ್ತೇನೆ. ನನ್ನ ಮಗ ಹುಟ್ಟಿದ್ದು 1988ರಲ್ಲಿ, ನಾನು ಪಿಎಚ್‌ಡಿಯ ಎರಡನೇ ವರ್ಷದಲ್ಲಿದ್ದಾಗ. ನನ್ನದೂ ಒಂದು ಸಾಂಗತ್ಯ. ಮೂರು ಓಲೆಪ್ರತಿ, ಒಂದು ಕಾಗದದ ಪ್ರತಿ, ತಪ್ಪುಗಳೇ ತುಂಬಿದ ಒಂದು ಹಳೆಯ ಮುದ್ರಣ ಇದ್ದವು. ಉದ್ದನೆಯ ನೋಟ್‌ಬುಕ್ ತಗೊಂಡು ಎದುರುಬದುರು ಪುಟಗಳಲ್ಲಿ ಐದು ಗೆರೆ ಎಳೆದಿದ್ದೆ. ಮೊದಲ ಅಂಕಣದಲ್ಲಿ ಪದ್ಯದ ಸಂಖ್ಯೆ, ಎರಡನೆಯದರಲ್ಲಿ ಅಚ್ಚಿನ ಪಾಠ, ಆಮೇಲೆ ಒಂದೊಂದು ಪ್ರತಿಗೆ ಒಂದೊಂದು ಅಂಕಣ. ವ್ಯತ್ಯಾಸ ಇಲ್ಲದಿದ್ದರೆ ಬರೀ ಒಂದು ಅಡ್ಡಗೆರೆ. ನಾಲ್ಕು ಸಾಲಿನ ಒಂದು ಪದ್ಯಕ್ಕೆ ನಾಲ್ಕೈದು ನಿಮಿಷ ಸಾಕು. ಮಗು ಮಲಗಿದ ಮುಕ್ಕಾಲು ಗಂಟೆಯಲ್ಲಿ ಎಂಟು ಪದ್ಯ ಆಗುತ್ತಿತ್ತು. ದಿನಕ್ಕೆ 8, ತಿಂಗಳಲ್ಲಿ 20 ದಿನ ಎಂದರೂ 160. ನಾನೂರು ಪದ್ಯದ ಕಾವ್ಯ ಮೂರು ತಿಂಗಳೊಳಗೆ ಮುಗಿಯುತ್ತದೆ. ನಂಬಿ, ಮಗು ಇಲ್ಲದ ನನ್ನ ಸಹಪಾಠಿಗಳು ಇದಕ್ಕಿಂತ ನಿಧಾನವಾಗಿದ್ದರು.

ಒಂದು ಸಣ್ಣ ಉಪಾಯ ಇದೆ. ಏಳುವ ಮುಂಚೆ ಮುಂದಿನ ಪದ್ಯದ ಸಂಖ್ಯೆ ಮತ್ತು ಮೊದಲ ಪದವನ್ನು ಬರೆದಿಟ್ಟು ಏಳಿ. ವಾಪಸ್ ಬಂದಾಗ "ಎಲ್ಲಿದ್ದೆ?" ಅಂತ ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಆ ಹತ್ತು ನಿಮಿಷ ನಿಮ್ಮ ಹತ್ತಿರ ಇಲ್ಲ.

ನಾನು ಮಾಡಿದ ತಪ್ಪನ್ನೂ ಕೇಳಿ. ರಾತ್ರಿ ಹನ್ನೊಂದಕ್ಕೆ ಹಾಲು ಕುಡಿಸುತ್ತಾ ಒಂದು ಕೈಯಲ್ಲಿ ನಕಲು ಮಾಡುತ್ತಿದ್ದೆ. ಎರಡು ಪದ್ಯ ಒಂದೇ ಪದದಿಂದ ಶುರುವಾಗಿದ್ದವು. ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿದು ನಡುವಿನ ಇಡೀ ಪದ್ಯ ಬಿಟ್ಟುಹೋಯಿತು. ಮುಂದಿನ ಪದ್ಯಗಳ ಸಂಖ್ಯೆಯೆಲ್ಲ ಏರುಪೇರು. ಒಂದು ಇಡೀ ಸಂಧಿಯನ್ನು (ಕಾವ್ಯದ ಅಧ್ಯಾಯವನ್ನು) ಮತ್ತೆ ನೋಡಬೇಕಾಯಿತು. ಹಳೆಯ ಪ್ರತಿಕಾರರು ಮಾಡುತ್ತಿದ್ದ ತಪ್ಪೇ ಇದು. ಅವರನ್ನು ನಾವು ಪ್ರಬಂಧದಲ್ಲಿ ಬೈಯುತ್ತೇವೆ! ಓಲೆಯ ಕೊನೆಯಲ್ಲಿ "ಬೆನ್ನು, ಸೊಂಟ, ಕತ್ತು ಮುರಿದು, ಕಣ್ಣು ನೆಟ್ಟು, ತಲೆ ಬಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ" ಎಂಬ ಅರ್ಥದ ಶ್ಲೋಕ ಬರೆದಿಡುತ್ತಿದ್ದರಲ್ಲ, ಬಾಣಂತಿಯಾದ ಮೇಲೆ ಅದರ ಅರ್ಥ ನನಗೆ ಸರಿಯಾಗಿ ಆಯಿತು. ಅದಿರಲಿ, ರಾತ್ರಿ ನಕಲು ಬೇಡ. ಎ-ಏ, ಒ-ಓ ಬೇರೆ ಮಾಡಿ ಬರೆಯದ ಓಲೆಗಳೇ ಜಾಸ್ತಿ. ನಿದ್ದೆಗಣ್ಣಿನಲ್ಲಿ ಯಾವುದನ್ನು ಏನು ಅಂತ ಓದುತ್ತೀರೋ ದೇವರಿಗೇ ಗೊತ್ತು. ರಾತ್ರಿಗೆ ಪದಪಟ್ಟಿಯನ್ನು ಅಕಾರಾದಿ ಮಾಡುವಂಥ ದಡ್ಡ ಕೆಲಸ ಇಟ್ಟುಕೊಳ್ಳಿ. ಅಥವಾ ಮಲಗಿ. ಮಲಗುವುದೇ ಒಳ್ಳೆಯದು.

ಮಗು ಎದ್ದಿರುವಾಗ ಏನೂ ಆಗುವುದಿಲ್ಲ ಎಂದೂ ತಿಳಿಯಬೇಡಿ. ಸಾಂಗತ್ಯ ಹಾಡುವುದಕ್ಕೆ ಇರುವುದು, ಅಲ್ವಾ? ನಾನು ಮಗನನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಾ ನನ್ನ ಕಾವ್ಯದ ಪದ್ಯಗಳನ್ನೇ ಹಾಡುತ್ತಿದ್ದೆ. ಲಾಲಿ ಹಾಡುಗಳು ನನಗೆ ಜಾಸ್ತಿ ಬರುತ್ತಿರಲಿಲ್ಲ, ಅದಕ್ಕೆ. ಒಂದು ಪದ್ಯದ ಎರಡನೇ ಸಾಲಿಗೆ ಬಂದಾಗಲೆಲ್ಲ ನಾಲಿಗೆ ಎಡವುತ್ತಿತ್ತು. ತೂಗುವ ಕಾಲು ಒಂದು ಕಡೆ, ಹಾಡು ಒಂದು ಕಡೆ. ಮಗನೂ ಆ ಸಾಲಿಗೇ ಕಣ್ಣು ಬಿಡುತ್ತಿದ್ದ. ವಾರ ಕಳೆದ ಮೇಲೆ ನೋಟ್‌ಬುಕ್ ತೆಗೆದು ನೋಡಿದರೆ ಅಚ್ಚಿನಲ್ಲಿ ಒಂದು ಅಕ್ಷರ ಜಾರಿತ್ತು. ಮೂರು ಓಲೆಗಳಲ್ಲಿ ಒಂದರಲ್ಲಿ ಮಾತ್ರ ಅದು ಇತ್ತು. ನಾನು ಅದನ್ನು ಪ್ರತಿಕಾರನ ಹೆಚ್ಚುವರಿ ಎಂದು ತಳ್ಳಿಹಾಕಿದ್ದೆ. ಪ್ರಬಂಧದಲ್ಲಿ ಅದು ಅರ್ಧ ಸಾಲಿನ ಅಡಿಟಿಪ್ಪಣಿ. ವೈವಾದಲ್ಲಿ ಪರೀಕ್ಷಕರು ಅದನ್ನೇ ಹಿಡಿದು, "ಇದು ಹೇಗೆ ಹೊಳೆಯಿತು?" ಎಂದು ಕೇಳಿದರು. ಮಗು ಮಲಗಿಸುವಾಗ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. "ಛಂದಸ್ಸಿನ ಪರಿಶೀಲನೆಯಿಂದ" ಎಂದೆ. ಇವತ್ತು ಕೇಳಿದ್ದರೆ ನಿಜ ಹೇಳುತ್ತಿದ್ದೆ.

ಅತ್ತೆಯವರ ವಿಷಯಕ್ಕೆ ಬರೋಣ. "ಹಳೇ ಪುಸ್ತಕ ಎಲ್ಲಿಗೆ ಹೋಗುತ್ತೆ" ಎನ್ನುವ ಮಾತು ತಪ್ಪೆಂದು ನಿಮಗೆ ಗೊತ್ತು. ಓಲೆಗರಿ ಹುಳು ಹಿಡಿಯುತ್ತದೆ, ಅಂಚು ಮುರಿಯುತ್ತದೆ, ಹೊಳೆಗೆ ಬಿಟ್ಟ ಮನೆಗಳೂ ಉಂಟು. ಆದರೆ ಈ ವಾದ ಹೂಡಿ ಗೆಲ್ಲಲು ಹೋಗಬೇಡಿ. ಅವರಿಗೆ ಕಾಣುವುದು ಏನು? ಸೊಸೆ ಪುಸ್ತಕ ಹಿಡಿದು ಸುಮ್ನೆ ಕೂತಿದ್ದಾಳೆ. ಓದುವುದು ನೋಡುವವರಿಗೆ ಕೆಲಸದ ಹಾಗೆ ಕಾಣುವುದೇ ಇಲ್ಲ. ಅವರಿಗೆ ಕೇಳಿಸುವ ಹಾಗೆ ಓದಿ.

ನಮ್ಮ ಅತ್ತೆ ನಾಲ್ಕನೇ ಕ್ಲಾಸು ಓದಿದವರು. ಜೈಮಿನಿ ಭಾರತದ ಗಮಕ ಕೇಳಿ ಬೆಳೆದವರು. ನನ್ನ ಕಾವ್ಯದಲ್ಲಿ ಒಂದು ಕಡೆ 'ಒಳಲೆ' ಎಂದಿತ್ತು. ನನಗೆ ಅದು ಪ್ರತಿಕಾರನ ಕೈತಪ್ಪು ಎನಿಸಿತು. 'ಒಡಲು' ಇರಬೇಕು ಎಂದು ತಿದ್ದಲು ಹೊರಟಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಪದ್ಯವನ್ನು ಗಟ್ಟಿಯಾಗಿ ಓದಿದೆ. ಅತ್ತೆ ಕೈಯಲ್ಲಿದ್ದ ಸೌಟು ಬಿಟ್ಟು ನಕ್ಕರು. "ಅಯ್ಯೋ, ನೀನೇ ದಿನಾ ಮಗೂಗೆ ಹಾಕ್ತೀಯಲ್ಲೇ, ಒಳ್ಳೆ!" ಬೆಳ್ಳಿಯದು, ಮೂತಿ ಇರುವುದು, ಎಳೆಮಗುವಿಗೆ ಹಾಲು ಹಾಕುವುದು. ಅದು ಆಗ ನನ್ನ ಪಕ್ಕದಲ್ಲೇ, ತೊಳೆದು ಬೋರಲು ಹಾಕಿತ್ತು. ನಾವು ಮನೆಯಲ್ಲಿ ಒಳ್ಳೆ ಒಳ್ಳೆ ಅಂದು ಅಂದು, ಬರೆದ 'ಒಳಲೆ'ಯ ಗುರುತೇ ನನಗೆ ಸಿಕ್ಕಿರಲಿಲ್ಲ. ಅವತ್ತಿನಿಂದ ಅತ್ತೆಗೆ ನನ್ನ ಕಾವ್ಯ ಅವರದೂ ಆಯಿತು. "ಇವತ್ತು ಎಷ್ಟು ಪದ್ಯ ಆಯ್ತು?" ಎಂದು ಅವರೇ ಕೇಳುತ್ತಿದ್ದರು. ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದರು. ಎಲ್ಲ ಅತ್ತೆಯರೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಕಾವ್ಯಗಳಲ್ಲಿ ಮನೆ, ಅಡುಗೆ, ತವರು, ಅತ್ತೆ-ಸೊಸೆ ಎಲ್ಲ ಇದೆ. ಕೇಳಿಸಿ ನೋಡಿ.

ಯಜಮಾನರ ಬಗ್ಗೆ ನಿಮ್ಮ ಪತ್ರದಲ್ಲಿ ಇರುವುದು ಒಂದೇ ಮಾತು: ಬ್ಯಾಂಕಿನಲ್ಲಿದ್ದಾರೆ. ಅತ್ತೆ ಏನೆಂದರು, ಗೈಡ್ ಏನೆಂದರು ಎಂದು ಬರೆದಿದ್ದೀರಿ. ಅವರು ಏನೆಂದರು ಎಂದು ಬರೆದಿಲ್ಲ. ಕೇಳಿಯೇ ಇಲ್ಲ ಎಂದು ನನ್ನ ಊಹೆ. ಬ್ಯಾಂಕಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಆ ಎರಡು ಶನಿವಾರ ನಿಮ್ಮ ಮೈಸೂರುಪಾಕಿನ ದಿನ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಕಾಲೇಜಿನ ಲೈಬ್ರರಿಗೋ, ಗೆಳತಿಯ ಮನೆಗೋ ಹೋಗಿ. ಸಂಜೆ ನಾಲ್ಕಕ್ಕೆ ಬನ್ನಿ. ಮನೆಯ ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಆಗುವುದಿಲ್ಲ, ಮಗು ಅತ್ತದ್ದು ಕೇಳಿದರೆ ನೀವೇ ಎದ್ದು ಬರುತ್ತೀರಿ. ಆ ದಿನ ಮಗು ಅವರ ಪಾಲು. ಊಟ, ಸ್ನಾನ, ನಿದ್ದೆ, ಎಲ್ಲ. ಅತ್ತೆಗೆ ಒಪ್ಪಿಸಿ ಅವರು ಪೇಟೆಗೆ ಹೋಗುವ ಹಾಗಿಲ್ಲ. "ಹೆಲ್ಪ್ ಮಾಡ್ತೀನಿ" ಎನ್ನುವ ಗಂಡಸರ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಎರಡು ಶನಿವಾರ ಪೂರ್ತಿ ವಹಿಸಿಕೊಳ್ಳುವವನು ವಾಸಿ. ತಿಂಗಳಿಗೆ 14 ಗಂಟೆ ಒಂದೇ ಸಮನೆ ಸಿಕ್ಕಿದರೆ, ಕೈಕೆಲಸ ತಯಾರಿದ್ದರೆ, ಎರಡು ತಿಂಗಳಿಗೆ ಒಂದು ಅಧ್ಯಾಯದ ಕರಡು ಆಗುತ್ತದೆ.

ನಿಯಮಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆದರೆ ನಿರ್ಲಕ್ಷ್ಯ ಮಾಡಬೇಡಿ. ನೀವು 2023ರಲ್ಲಿ ಸೇರಿದ್ದೀರಿ, ಹಾಗಾಗಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್‌ಡಿ ನಿಯಮಗಳು ನಿಮಗೆ ಅನ್ವಯ. ಅದರ ಪ್ರಕಾರ ಇಡೀ ಪಿಎಚ್‌ಡಿ ಅವಧಿಯಲ್ಲಿ ಮಹಿಳೆಯರಿಗೆ ಹೆರಿಗೆ ರಜೆ ಅಥವಾ ಶಿಶುಪಾಲನಾ ರಜೆಯಾಗಿ 240 ದಿನದವರೆಗೆ ಕೊಡಬಹುದು. ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2. ಮಹಿಳೆಯರಿಗೆ ಅದರ ಮೇಲೆ ಮತ್ತೆ 2. ಒಟ್ಟು 10 ವರ್ಷ ಮೀರಬಾರದು, ಅಷ್ಟೇ. ನಿಮಗೆ ಸಮಯ ಇದೆ. ರಜೆಯನ್ನು ಬಾಯಿಮಾತಿನಲ್ಲಿ ತಗೊಳ್ಳಬೇಡಿ. ಅರ್ಜಿ ಬರೆದು, ಗೈಡ್ ಸಹಿ ಹಾಕಿಸಿ, ಆಫೀಸಿನಲ್ಲಿ ಕೊಟ್ಟು, ಸ್ವೀಕರಿಸಿದ ಸೀಲು ಇರುವ ಪ್ರತಿ ಇಟ್ಟುಕೊಳ್ಳಿ. ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕಲ್ಲ, ರಜೆ ದಾಖಲಾಗದೇ ಇದ್ದರೆ ಅಲ್ಲಿ "ಪ್ರಗತಿ ಇಲ್ಲ" ಎಂದು ಬೀಳುತ್ತದೆ. ನನ್ನ ಕಾಲದಲ್ಲಿ ಹೆರಿಗೆಗೂ 'ಅನಾರೋಗ್ಯ' ಎಂದು ಅರ್ಜಿ ಬರೆದುಕೊಟ್ಟಿದ್ದೆ. ನಿಮಗೆ ಆ ಕರ್ಮ ಇಲ್ಲ. ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮಾವಳಿಯಲ್ಲಿ ಇದಕ್ಕೆ ಏನು ಕ್ರಮ ಹೇಳಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಯಜಮಾನರಿಗೆ ವರ್ಗವಾದರೂ ಹೆದರಬೇಡಿ. ಮದುವೆ ಅಥವಾ ಬೇರೆ ಕಾರಣಕ್ಕೆ ಊರು ಬದಲಾಯಿಸುವ ಮಹಿಳೆ ತನ್ನ ಸಂಶೋಧನೆಯನ್ನು ಇನ್ನೊಂದು ವಿಶ್ವವಿದ್ಯಾಲಯಕ್ಕೆ ತೆಗೆದುಕೊಂಡು ಹೋಗಲು ಅದೇ ನಿಯಮಗಳಲ್ಲಿ ದಾರಿ ಇದೆ.

ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆದಿದ್ದೀರೋ ಇಲ್ಲವೋ ಹೇಳಿಲ್ಲ. ಜೆಆರ್‌ಎಫ್‌ಗೆ (ಆ ಪರೀಕ್ಷೆಯಿಂದ ಸಿಗುವ ಸಂಶೋಧನಾ ಫೆಲೋಶಿಪ್) ವಯಸ್ಸಿನ ಮಿತಿ 30, ಮಹಿಳೆಯರಿಗೆ 5 ವರ್ಷ ಸಡಿಲಿಕೆ. ನಿಮಗೆ 32. ಇನ್ನೂ ಬಾಗಿಲು ತೆರೆದಿದೆ. ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಅತಿಥಿ ಉಪನ್ಯಾಸಕಿಯ ಓಡಾಟ ಬಿಟ್ಟು ಮನೆಯಲ್ಲೂ ಲೈಬ್ರರಿಯಲ್ಲೂ ಕೂರಬಹುದು. ಹಾಗೆಯೇ, ಪಿಎಚ್‌ಡಿ ಮುಗಿದಿಲ್ಲ ಎಂದು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕದೆ ಕೂರಬೇಡಿ. 2023ರ ಜುಲೈನಲ್ಲಿ ಯುಜಿಸಿ ಆ ನೇಮಕಾತಿಗೆ ಪಿಎಚ್‌ಡಿ ಕಡ್ಡಾಯವಲ್ಲ ಎಂದಿದೆ. ನೆಟ್ ಅಥವಾ ಕೆಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಇದ್ದರೆ ಅರ್ಜಿ ಹಾಕಬಹುದು.

ಮೈಸೂರು. ನೀವು ಹೋಗಬೇಕಾದದ್ದು ನಿಜ, ಆದರೆ ಈಗಲೇ ಅಲ್ಲ. ಹೋಗುವ ಮುಂಚೆ ಮನೆಯಲ್ಲೇ ಮಾಡುವ ಕೆಲಸ ಬಹಳ ಇದೆ. ಮುದ್ರಿತ ಆವೃತ್ತಿಗಳ ಪೀಠಿಕೆಯಲ್ಲಿ ಯಾವ ಯಾವ ಪ್ರತಿ ನೋಡಿದ್ದಾರೆ ಎಂದು ಸಂಪಾದಕರು ಬರೆದಿರುತ್ತಾರೆ. ಅದನ್ನು ಪಟ್ಟಿ ಮಾಡಿ. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯಲ್ಲಿ ನಿಮ್ಮ ಕವಿಗಳ ಭಾಗ ನೋಡಿ. ಅದರ ಮೊದಲ ಸಂಪುಟ ಬಂದದ್ದು 1907ರಲ್ಲಿ, ಮೂರನೆಯದು 1929ರಲ್ಲಿ. ನಡುವೆ 22 ವರ್ಷ. ತಡವಾಯಿತು ಎಂದು ಇವತ್ತು ಯಾರೂ ಅವರನ್ನು ಕೇಳುವುದಿಲ್ಲ! ಆಮೇಲೆ ಹಸ್ತಪ್ರತಿ ಸೂಚಿಗಳನ್ನು ನೋಡಿ ಕ್ರಮಾಂಕ ಬರೆದುಕೊಳ್ಳಿ. ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೂ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಗೂ ಗೈಡ್ ಸಹಿಯ ಪತ್ರ ಬರೆದು, ಯಾವ ಕಟ್ಟು ಬೇಕು, ಸ್ಕ್ಯಾನ್ ಪ್ರತಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಸಿಕ್ಕಿದರೆ ಅರ್ಧ ಕೆಲಸ ಶಿವಮೊಗ್ಗದಲ್ಲೇ ಆಗುತ್ತದೆ.

ಆದರೂ ಒಮ್ಮೆ ಓಲೆಯನ್ನು ಕೈಯಲ್ಲಿ ಹಿಡಿದು ನೋಡಲೇಬೇಕು. ಫೋಟೋದಲ್ಲಿ ಹುಳು ತಿಂದ ತೂತೂ ಕಾಣುತ್ತದೆ, ಅಕ್ಷರದ ಚುಕ್ಕೆಯೂ ಕಾಣುತ್ತದೆ, ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಗರಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಂಟದ (ಓಲೆಗೆ ಬರೆಯುವ ಕಬ್ಬಿಣದ ಕಡ್ಡಿಯ) ಗೀರು ತೋರುತ್ತದೆ. ಹತ್ತು ದಿನ ಒಂದೇ ಸಲ ಹೋಗಬೇಡಿ. ಮೂರು ಮೂರು ದಿನದ ಎರಡು ಪ್ರವಾಸ ಮಾಡಿ. ಮೊದಲ ಸಲ ಬರೆದುಕೊಂಡದ್ದರಲ್ಲಿ ಎಲ್ಲೆಲ್ಲಿ ಅನುಮಾನ ಎನ್ನುವುದು ಮನೆಗೆ ಬಂದ ಮೇಲೆಯೇ ಗೊತ್ತಾಗುವುದು. ಮಗಳನ್ನೂ, ಅತ್ತೆಯನ್ನೂ ಕರೆದುಕೊಂಡು ಹೋಗಿ. ಹತ್ತಿರದಲ್ಲಿ ಕೋಣೆ ಮಾಡಿ. ಅತ್ತೆಗೆ ಚಾಮುಂಡಿ ಬೆಟ್ಟ ತೋರಿಸುತ್ತೇನೆ ಎನ್ನಿ.

ಮಗುವನ್ನು ಹಸ್ತಪ್ರತಿ ಇರುವ ಕೋಣೆಗೆ ಮಾತ್ರ ಕರೆದುಕೊಂಡು ಹೋಗಬೇಡಿ. ನಿಮ್ಮ ಮಗಳು ಕಾಗದವನ್ನೇ ಬಿಟ್ಟಿಲ್ಲ, ಇನ್ನು ಓಲೆಯನ್ನು ಬಿಡುತ್ತಾಳೆಯೇ? ತಮಾಷೆ ಅಲ್ಲ, ಅಲ್ಲಿ ದೂಳು ಇರುತ್ತದೆ, ಓಲೆಗೆ ಹಚ್ಚಿದ ಸಿಟ್ರೊನೆಲಾ ಎಣ್ಣೆ, ಮಸಿ ಎಲ್ಲ ಕೈಗೆ ಮೆತ್ತುತ್ತದೆ. ಹಾಲು ಕುಡಿಸುವ ಮುಂಚೆ ಸೋಪು ಹಾಕಿ ಮೊಣಕೈವರೆಗೆ ತೊಳೆಯಿರಿ. ರವಿಕೆ ಬದಲಾಯಿಸಿದರೆ ಇನ್ನೂ ಒಳ್ಳೆಯದು. ನನ್ನ ಮಗ ಆ ವಾಸನೆಗೆ ಮುಖ ತಿರುಗಿಸುತ್ತಿದ್ದ. ನಾನು ಹಸ್ತಪ್ರತಿ ನೋಡುತ್ತಿದ್ದ ಒಂದು ಕಡೆ ಹಾಲು ಕುಡಿಸಲು ಜಾಗವೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎದೆ ಕಟ್ಟಿಕೊಂಡು ಜ್ವರ ಬಂದ ಹಾಗಾಗುತ್ತಿತ್ತು. ಅಟೆಂಡರ್ ಒಬ್ಬರು ಏನೂ ಕೇಳದೆ ಹಳೆಯ ಕುರ್ಚಿ ಪೇರಿಸಿದ್ದ ಕೋಣೆಯ ಬೀಗ ತೆಗೆದುಕೊಟ್ಟು, ಹೊರಗೆ ಸ್ಟೂಲ್ ಹಾಕಿಕೊಂಡು ಕಾವಲು ಕೂತರು. ನೀವು ಹೋದಲ್ಲಿ ಮೊದಲ ದಿನವೇ ಬಾಯಿಬಿಟ್ಟು ಕೇಳಿ. ನಾನು ನಾಚಿಕೊಂಡು ಎರಡು ದಿನ ಸುಮ್ಮನೆ ಇದ್ದೆ.

ಕೊನೆಯ ಪ್ರಶ್ನೆ, ಮಗುವಿಗೆ ಅನ್ಯಾಯ ಎಂದಿರಿ. ನೋಡಮ್ಮ, ನಿಮ್ಮ ಯಜಮಾನರು ದಿನವೂ ಬ್ಯಾಂಕಿಗೆ ಹೋಗುವಾಗ ಈ ಪ್ರಶ್ನೆ ಅವರಿಗೆ ಬಂದಿಲ್ಲ, ಅಲ್ವಾ? ನೀವು ಓದುತ್ತಿರುವ ಹೊನ್ನಮ್ಮನನ್ನೇ ತಗೊಳ್ಳಿ. ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಕೆಲಸದವಳು. ಅದಕ್ಕೇ ಸಂಚಿ ಹೊನ್ನಮ್ಮ. ನೌಕರಿ ಮಾಡಿಕೊಂಡೇ ಬರೆದವಳು. ಹೆಂಡತಿ ಹೀಗಿರಬೇಕು ಹಾಗಿರಬೇಕು ಎಂದು ಪುಸ್ತಕದುದ್ದಕ್ಕೂ ಹೇಳುತ್ತಾಳೆ, ನಡುವೆ ಹೆಣ್ಣನ್ನು ಹೀಗಳೆಯುವವರನ್ನು "ಕಣ್ಣು ಕಾಣದ ಗಾವಿಲರು" (ಮೂಢರು) ಎಂದು ಬೈದುಬಿಡುತ್ತಾಳೆ. ಈ ಎರಡನ್ನೂ ಹೇಗೆ ಒಟ್ಟಿಗೆ ಓದುವುದು ಎಂಬುದು ನಿಮ್ಮ ಪ್ರಬಂಧದ ದೊಡ್ಡ ಪ್ರಶ್ನೆ ಆಗಬಹುದು. ನಾನು ಮದುವೆಗೆ ಮುಂಚೆ ಓದಿದಾಗ ಆ ಬೈಗುಳ ಮಾತ್ರ ಕೇಳಿಸಿತ್ತು. ಮಗನಾದ ಮೇಲೆ ಓದಿದಾಗ ಉಳಿದ ಪದ್ಯಗಳಲ್ಲೂ ಒಂದು ಸುಸ್ತು ಕೇಳಿಸಿತು. ನಿಮಗೆ ಏನು ಕೇಳಿಸುತ್ತದೋ ಗೊತ್ತಿಲ್ಲ. ಒಂದು ಶನಿವಾರ ಅದನ್ನೇ ಬರೆಯಿರಿ, ಎರಡು ಪುಟ ಆದರೂ ಸರಿ.

ಹರಿದುಹೋದ ನಾಲ್ಕು ಹಾಳೆಗಳ ವಿಷಯಕ್ಕೆ ಚಿಂತೆ ಬೇಡ. ನನ್ನ ಹತ್ತಿರ ಒಂದು ಹಳೆಯ ಮುದ್ರಣ ಇದೆ, ರಟ್ಟು ಹೋಗಿದೆ, ಒಳಗಿನದು ಪೂರ್ತಿ ಇದೆ. ನಿಮ್ಮ ಪುಸ್ತಕದಲ್ಲಿ ಯಾವ ಪದ್ಯದವರೆಗೆ ಉಳಿದಿದೆ ಎಂದು ನೋಡಿ ಬರೆಯಿರಿ. ಅಲ್ಲಿಂದ ಮುಂದಕ್ಕೆ ಜೆರಾಕ್ಸ್ ಮಾಡಿಸಿ ಎರಡು ಸೆಟ್ ಕಳಿಸುತ್ತೇನೆ. ಒಂದು ನಿಮಗೆ, ಒಂದು ಅವಳಿಗೆ.